ಸ್ಟೇನ್‌ಲೆಸ್ ಫೋರ್ಜಿಂಗ್‌ನಲ್ಲಿ ಒರಟು ಗ್ರೇನ್: ಅನೀಲಿಂಗ್ ಅದನ್ನು ಸರಿಪಡಿಸುತ್ತದೆಯೇ?

ಓದುಗರ ಪ್ರಶ್ನೆ: ನಾನು ಫೋರ್ಜಿಂಗ್ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. 150 ಮಿ.ಮೀ. ವ್ಯಾಸ, 220 ಮಿ.ಮೀ. ಎತ್ತರದ 316ಎಲ್ ಸ್ಟೇನ್‌ಲೆಸ್ ಬಿಲ್ಲೆಟ್‌ಗಳನ್ನು (ದುಂಡು ಕಚ್ಚಾ ತುಂಡುಗಳನ್ನು) ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ಫ್ಲ್ಯಾಂಜ್ ಮಾಡುತ್ತೇವೆ. ಕುಲುಮೆ 1230 ಡಿಗ್ರಿ ಸೆಲ್ಸಿಯಸ್. ಮೊದಲ ಹೀಟ್‌ನಲ್ಲಿ, ಅಂದರೆ ಕಾಯಿಸಿ ಒತ್ತುವ ಮೊದಲ ಸುತ್ತಿನಲ್ಲಿ, ಎತ್ತರ 220ರಿಂದ 110ಕ್ಕೆ ಇಳಿಯುತ್ತದೆ. ಮತ್ತೆ 1230ಕ್ಕೆ ಕಾಯಿಸಿ, ಎರಡನೇ ಹೀಟ್‌ನಲ್ಲಿ ಡೈಗೆ ಹಾಕಿ 102 ಮಿ.ಮೀ. ಅಳತೆಗೆ ತರುತ್ತೇವೆ. ಪ್ರೆಸ್ ಬಿಡುವಾಗದಿದ್ದರೆ ತುಂಡುಗಳು ಎರಡು-ಮೂರು ಗಂಟೆ ಕುಲುಮೆಯಲ್ಲೇ ಉಳಿಯುತ್ತವೆ. ನಂತರ ರಾಶಿ ಹಾಕಿ ತಣಿಸಿ, 1100 ಡಿಗ್ರಿಯಲ್ಲಿ ಎರಡು ಗಂಟೆ ಸೊಲ್ಯೂಷನ್ ಅನೀಲಿಂಗ್ (ಒಳಗಿನ ಕಾರ್ಬೈಡ್ ಕರಗುವಂತೆ ಕಾಯಿಸುವುದು) ಮಾಡಿ ನೀರಿಗೆ ಹಾಕುತ್ತೇವೆ. ಗ್ರಾಹಕರು ಎಎಸ್‌ಟಿಎಂ ಗ್ರೇನ್ ಸಂಖ್ಯೆ 4 ಅಥವಾ ಅದಕ್ಕಿಂತ ಸಣ್ಣ ಗ್ರೇನ್ ಕೇಳಿದ್ದಾರೆ (ಗ್ರೇನ್ ಎಂದರೆ ಲೋಹದೊಳಗಿನ ಹರಳು; ಸಂಖ್ಯೆ ಇಳಿದಷ್ಟೂ ಅದು ದೊಡ್ಡದು). ನಮಗೆ ಬರುತ್ತಿರುವುದು ಮಧ್ಯದಲ್ಲಿ 2–3, ಮೇಲಿನ-ಕೆಳಗಿನ ಮುಖಗಳ ಹತ್ತಿರ 0–1. 4 ಮೆಗಾಹರ್ಟ್ಸ್ ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಪರದೆಯ ತುಂಬ ಗದ್ದಲ. ಕೆಲವು ತುಂಡುಗಳಲ್ಲಿ ಹೊರಕ್ಕೆ ಉಬ್ಬಿದ ಬದಿಯ ಮೇಲೆ ಉದ್ದುದ್ದ ಬಿರುಕುಗಳಿವೆ. ‘ಇನ್ನೊಮ್ಮೆ ಅನೀಲಿಂಗ್ ಕೊಡಿ, ಗ್ರೇನ್ ಸಣ್ಣಗಾಗುತ್ತದೆ’ ಎಂದು ಒಬ್ಬ ಹಿರಿಯರು ಹೇಳುತ್ತಾರೆ. ‘ಕೆಂಪು ಇಳಿಯುವವರೆಗೂ ಒತ್ತಿ, ತಾನಾಗಿ ಸಣ್ಣಗಾಗುತ್ತದೆ’ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಈಗಿರುವ ಲಾಟ್ ಉಳಿಸಬಹುದೇ? ಮುಂದೆ 2205 ಡ್ಯುಪ್ಲೆಕ್ಸ್ ಕೆಲಸವೂ ಬರುವುದಿದೆ, ಅದಕ್ಕೂ ಇದೇ ಕ್ರಮ ನಡೆಯುತ್ತದೆಯೇ?

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಖ್ಯ ಭಾಗವಿದೆ: ಎರಡನೇ ಹೀಟ್. ಅದರಲ್ಲಿ ಲೋಹವನ್ನು 1230 ಡಿಗ್ರಿಗೆ ಏರಿಸಿ, 110ರಿಂದ 102ಕ್ಕೆ, ಅಂದರೆ ಕೇವಲ ಶೇ. 7ರಷ್ಟು ಒತ್ತುತ್ತಿದ್ದೀರಿ. ಮೊದಲ ಹೀಟ್‌ನಲ್ಲಿ ಅರ್ಧಕ್ಕರ್ಧ ಒತ್ತಿ ಗಳಿಸಿದ ಸಣ್ಣ ಗ್ರೇನ್‌ಗಳೆಲ್ಲ ಈ ಎರಡನೇ ಕಾಯಿಸುವಿಕೆಯಲ್ಲಿ ಬೆಳೆದುಬಿಡುತ್ತವೆ. ಬೆಳೆದದ್ದನ್ನು ಒಡೆಯಲು ಶೇ. 7 ಸಾಲದು. ಅನೀಲಿಂಗ್ ಕುಲುಮೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

‘ಇನ್ನೊಮ್ಮೆ ಅನೀಲಿಂಗ್’ ಎನ್ನುವ ಸಲಹೆ ಎಲ್ಲಿಂದ ಬಂತು ಎಂಬುದು ಸುಲಭವಾಗಿ ತಿಳಿಯುತ್ತದೆ. ಕಾರ್ಬನ್ ಸ್ಟೀಲಿನಲ್ಲಿ ಅದು ನಿಜ. ಅದನ್ನು ಸುಮಾರು 900 ಡಿಗ್ರಿಗೆ ಕಾಯಿಸಿದಾಗ ಫೆರೈಟ್ ಮತ್ತು ಪರ್ಲೈಟ್ ಎಂಬ ಹರಳು ರಚನೆಗಳು ಅಳಿದು ಆಸ್ಟೆನೈಟ್ ಎಂಬ ಹೊಸ ರಚನೆ ಹುಟ್ಟುತ್ತದೆ, ತಣಿಯುವಾಗ ಆಸ್ಟೆನೈಟ್ ಮತ್ತೆ ಒಡೆಯುತ್ತದೆ. ಎರಡು ಸಲ ರಚನೆ ಬದಲಾಗುವುದರಿಂದ ಹಳೆಯ ಒರಟು ಗ್ರೇನ್ ಅಳಿಸಿಹೋಗುತ್ತದೆ. ನಾರ್ಮಲೈಸಿಂಗ್ ಕೆಲಸ ಮಾಡುವುದು ಇದೇ ಆಧಾರದ ಮೇಲೆ. 316ಎಲ್‌ನಲ್ಲಿ ಅಂಥ ಬದಲಾವಣೆಯೇ ಇಲ್ಲ. ನಿಕಲ್ ಶೇ. 10ಕ್ಕಿಂತ ಮೇಲಿರುವ ಈ ಉಕ್ಕು ಕುಲುಮೆಯಲ್ಲೂ ಆಸ್ಟೆನೈಟ್, ನಿಮ್ಮ ಮೇಜಿನ ಮೇಲೂ ಆಸ್ಟೆನೈಟ್. ಬರಿ ಕಾಯಿಸಿ ತಣಿಸುವುದರಿಂದ ಹೊಸ ಗ್ರೇನ್ ಹುಟ್ಟಲು ಕಾರಣವೇ ಇರುವುದಿಲ್ಲ. ಹೊಸ ಗ್ರೇನ್ ಹುಟ್ಟಬೇಕಾದರೆ ಲೋಹದೊಳಗೆ ಒತ್ತಡದಿಂದ ಸಂಗ್ರಹವಾದ ವಿರೂಪದ ಶಕ್ತಿ ಇರಬೇಕು. ಅದಿಲ್ಲದ ತುಂಡನ್ನು 1100ರಲ್ಲಿ ಎಷ್ಟು ಹೊತ್ತು ಇಟ್ಟರೂ ದೊಡ್ಡ ಗ್ರೇನ್ ಪಕ್ಕದ ಸಣ್ಣದನ್ನು ನುಂಗುತ್ತಾ ಹೋಗುವುದೊಂದೇ ನಡೆಯುತ್ತದೆ.

ಬಿಸಿಯಲ್ಲಿ ಒತ್ತುವಾಗ ಒಳಗೆ ಆಗುವುದೇನು

ಒತ್ತಿದಾಗ ಹರಳಿನೊಳಗೆ ಡಿಸ್‌ಲೊಕೇಶನ್‌ಗಳು ಎನ್ನುವ ದೋಷರೇಖೆಗಳು ಹುಟ್ಟಿ, ಸರಿದಾಡಿ, ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಅಲ್ಯೂಮಿನಿಯಂನಲ್ಲಿ, ಅಥವಾ 430ರಂಥ ಫೆರಿಟಿಕ್ ಸ್ಟೇನ್‌ಲೆಸ್‌ನಲ್ಲಿ, ಇವು ಬಿಸಿಯಲ್ಲಿ ಸುಲಭವಾಗಿ ಒಂದನ್ನೊಂದು ಅಳಿಸಿಕೊಂಡು ಅಚ್ಚುಕಟ್ಟಾದ ಸಬ್‌ಗ್ರೇನ್‌ಗಳಾಗಿ ಜೋಡಣೆಯಾಗುತ್ತವೆ. ಇದಕ್ಕೆ ಡೈನಾಮಿಕ್ ರಿಕವರಿ ಎನ್ನುತ್ತಾರೆ. 304 ಮತ್ತು 316ರಂಥ ಆಸ್ಟೆನೈಟ್ ಉಕ್ಕುಗಳ ಸ್ವಭಾವ ಬೇರೆ. ಇವುಗಳ ಸ್ಟ್ಯಾಕಿಂಗ್ ಫಾಲ್ಟ್ ಶಕ್ತಿ (ಹರಳಿನ ಪದರಗಳ ಜೋಡಣೆ ತಪ್ಪಲು ಬೇಕಾದ ಶಕ್ತಿ) ಕಡಿಮೆ, 304ರಲ್ಲಿ ಚದರ ಮೀಟರಿಗೆ ಸುಮಾರು 20 ಮಿಲಿಜೌಲ್. ಹೀಗಾಗಿ ಡಿಸ್‌ಲೊಕೇಶನ್‌ಗಳು ತಮ್ಮ ಸಮತಲ ಬಿಟ್ಟು ಪಕ್ಕದ ಸಮತಲಕ್ಕೆ ದಾಟಲಾರವು. ರಿಕವರಿ ನಿಧಾನವಾಗುತ್ತದೆ, ದೋಷರೇಖೆಗಳು ಸೇರುತ್ತಲೇ ಹೋಗುತ್ತವೆ.

ಒಂದು ಮಿತಿ ದಾಟಿದಾಗ ಹಳೆಯ ಗ್ರೇನ್‌ನ ಗಡಿ ಅಲ್ಲಲ್ಲಿ ಉಬ್ಬಿ, ಆ ಉಬ್ಬಿನಿಂದ ದೋಷವಿಲ್ಲದ ಪುಟ್ಟ ಹೊಸ ಗ್ರೇನ್ ಹುಟ್ಟುತ್ತದೆ. ಮೊದಲು ಗಡಿಯುದ್ದಕ್ಕೂ ಮಣಿಸರದ ಹಾಗೆ ಒಂದು ಸಾಲು, ನಂತರ ಅದರೊಳಗೆ ಇನ್ನೊಂದು ಸಾಲು, ಹೀಗೆ ಹಳೆಯ ಗ್ರೇನ್ ಹೊರಗಿನಿಂದ ಒಳಕ್ಕೆ ಕರಗುತ್ತಾ ಬರುತ್ತದೆ. ಒತ್ತುತ್ತಿರುವಾಗಲೇ ನಡೆಯುವ ಈ ಕ್ರಿಯೆಗೆ ಡೈನಾಮಿಕ್ ರೀಕ್ರಿಸ್ಟಲೈಸೇಶನ್ ಎಂದು ಹೆಸರು. ಪರೀಕ್ಷಾ ಯಂತ್ರದಲ್ಲಿ ಇದು ಕಣ್ಣಿಗೆ ಕಾಣುತ್ತದೆ: ಒತ್ತುಬಲ ಏರಿ, ಶಿಖರ ಮುಟ್ಟಿ, ಇಳಿದು, ಆಮೇಲೆ ಸಮತಟ್ಟಾಗುತ್ತದೆ. ಮೊದಲ ಹೊಸ ಗ್ರೇನ್ ಹುಟ್ಟುವುದು ಶಿಖರಕ್ಕಿಂತ ಸ್ವಲ್ಪ ಮುಂಚೆ, ಶಿಖರದ ಸ್ಟ್ರೈನ್‌ನ (ವಿರೂಪದ ಪ್ರಮಾಣದ) ಸುಮಾರು 0.6ರಿಂದ 0.85 ಪಟ್ಟಿನ ಹೊತ್ತಿಗೆ.

ನಿಮಗೆ ಬೇಕಾಗಿರುವುದು ಈ ಮಿತಿಯ ಅಂದಾಜು. ಸೆಕೆಂಡಿಗೆ 1ರ ಆಸುಪಾಸಿನ ಸ್ಟ್ರೈನ್ ದರದಲ್ಲಿ, 1150 ಡಿಗ್ರಿಯಲ್ಲಿ ನಿಜ ಸ್ಟ್ರೈನ್ (ಮೊದಲ ಮತ್ತು ಕೊನೆಯ ಎತ್ತರಗಳ ಅನುಪಾತದ ಸಹಜ ಲಾಗರಿದಂ) 0.25–0.3ರ ಹೊತ್ತಿಗೆ ಇದು ಆರಂಭವಾಗುತ್ತದೆ. 1000–1050ರಲ್ಲಿ 0.4–0.5 ಬೇಕು. ಎತ್ತರದ ಲೆಕ್ಕದಲ್ಲಿ ಹೇಳಬೇಕೆಂದರೆ ನಿಜ ಸ್ಟ್ರೈನ್ 0.25 ಅಂದರೆ ಶೇ. 22 ಇಳಿತ, 0.4 ಅಂದರೆ ಶೇ. 33, 0.69 ಅಂದರೆ ಸರಿಯಾಗಿ ಅರ್ಧ. ಇದು ಕೇವಲ ಆರಂಭ. ಪೂರ್ತಿಯಾಗಲು ಇದರ ಎರಡು-ಮೂರು ಪಟ್ಟು ಸ್ಟ್ರೈನ್ ಬೇಕಾಗುತ್ತದೆ. ಶುರುವಿನ ಗ್ರೇನ್ ದೊಡ್ಡದಿದ್ದಷ್ಟೂ ಗಡಿ ಕಡಿಮೆ, ಹೊಸ ಗ್ರೇನ್ ಹುಟ್ಟಲು ಜಾಗ ಕಡಿಮೆ, ಆದ್ದರಿಂದ ಮಿತಿ ಇನ್ನೂ ಮೇಲಕ್ಕೆ ಹೋಗುತ್ತದೆ. ನಿಮ್ಮ ಎರಡನೇ ಹೀಟ್‌ನ ಸ್ಟ್ರೈನ್ 0.076.

ಹಾಗಾದರೆ ಸಣ್ಣ ಒತ್ತುಗಳಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಒತ್ತು ನಿಂತ ಮೇಲೆ, ಬಿಸಿ ಇರುವವರೆಗೆ, ಉಳಿದ ಶಕ್ತಿಯಿಂದ ಹೊಸ ಗ್ರೇನ್ ಹುಟ್ಟಬಲ್ಲವು. ಇದು ಸ್ಟ್ಯಾಟಿಕ್ ರೀಕ್ರಿಸ್ಟಲೈಸೇಶನ್. ಶೇ. 15–20 ಒತ್ತಿದ ಲೋಹದಲ್ಲಿ 1100ರ ಮೇಲೆ ಇದಕ್ಕೆ ಸೆಕೆಂಡುಗಳು ಸಾಕು; 950ರ ಕೆಳಗೆ ನಿಮಿಷಗಳು ಬೇಕು, ಅಷ್ಟರಲ್ಲಿ ತುಂಡು ಇನ್ನೂ ತಣ್ಣಗಾಗಿ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಡೈನಾಮಿಕ್ ಆಗಿ ಹುಟ್ಟಿದ ಗ್ರೇನ್‌ಗಳಾದರೋ ಒತ್ತು ನಿಂತ ಕೂಡಲೇ, ಕಾಯುವಿಕೆಯಿಲ್ಲದೆ, ಬೆಳೆಯುತ್ತಲೇ ಹೋಗುತ್ತವೆ. ಇದು ಮೆಟಾಡೈನಾಮಿಕ್ ಹಂತ. 1100ರ ಮೇಲೆ ಕೊನೆಯ ಒತ್ತು ಮುಗಿಸಿ ತುಂಡನ್ನು ಹಾಗೇ ರಾಶಿಗೆ ಎಸೆದರೆ ಒತ್ತುವಾಗ ಹುಟ್ಟಿದ ಸಣ್ಣ ಗ್ರೇನ್ ಸೂಕ್ಷ್ಮದರ್ಶಕದಡಿ ಸಿಗದಿರುವುದು ಇದರಿಂದಲೇ.

ಶೇ. 2ರಿಂದ 10ರ ನಡುವಿನ ಒತ್ತು ಮಾತ್ರ ಬೇರೆಯದೇ ಅಪಾಯ. ಅಷ್ಟು ಕಡಿಮೆ ಸ್ಟ್ರೈನ್‌ನಲ್ಲಿ ಹೊಸ ಗ್ರೇನ್ ಹುಟ್ಟುವ ತಾಣಗಳು ಬೆರಳೆಣಿಕೆಯಷ್ಟು. ಹುಟ್ಟಿದ, ಇಲ್ಲವೇ ಮೊದಲೇ ಸ್ವಲ್ಪ ಅನುಕೂಲದಲ್ಲಿದ್ದ ಆ ಕೆಲವೇ ಗ್ರೇನ್‌ಗಳ ಮುಂದೆ ಬೆಳೆಯಲು ವಿಶಾಲ ಜಾಗ ಬಿದ್ದಿರುತ್ತದೆ. ಫಲವಾಗಿ ಏನೂ ಒತ್ತದೆ ಬಿಟ್ಟದ್ದಕ್ಕಿಂತ ಒರಟು ರಚನೆ ಬರುತ್ತದೆ. ನಿಮ್ಮ ಸರಾಸರಿ ಶೇ. 7 ಸರಿಯಾಗಿ ಈ ಪಟ್ಟಿಯ ನಡುವೆ ಕುಳಿತಿದೆ.

ಮುಖದ ಹತ್ತಿರವೇ ಹೆಚ್ಚು ಒರಟು ಏಕೆ

ಸರಾಸರಿ ಎನ್ನುವುದು ಮೋಸ ಮಾಡುವ ಅಂಕಿ. ಡೈ ತಾಗಿದ ಮುಖ ಘರ್ಷಣೆಯಿಂದ ಅಂಟಿಕೊಳ್ಳುತ್ತದೆ, ತಣ್ಣಗಾಗುತ್ತದೆ, ಅಲ್ಲಿನ ಲೋಹ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮುಖದ ಕೆಳಗಿನ ಈ ಶಂಕುವಿನಾಕಾರದ ಭಾಗಕ್ಕೆ ಡೆಡ್ ಝೋನ್ ಎನ್ನುತ್ತೇವೆ. ಅರ್ಧಕ್ಕೆ ಒತ್ತಿದ ತುಂಡಿನಲ್ಲೂ ಅಲ್ಲಿನ ಸ್ಟ್ರೈನ್ 0.1–0.2 ಇರಬಹುದು, ಆಗ ನಟ್ಟನಡುವೆ 1 ದಾಟಿರುತ್ತದೆ. ನಿಮ್ಮ ಎರಡನೇ ಹೀಟ್‌ನಲ್ಲಿ ನಡುವಿಗೆ ಶೇ. 12–15 ಸಿಕ್ಕಿ ಅಷ್ಟಿಷ್ಟು ಹೊಸ ಗ್ರೇನ್ ಹುಟ್ಟಿರಬೇಕು, ಮುಖಕ್ಕೆ ಶೇ. 2–3 ಮಾತ್ರ ಸಿಕ್ಕಿದೆ. 2–3 ಮತ್ತು 0–1ರ ವ್ಯತ್ಯಾಸ ಅಲ್ಲಿಂದ ಬಂದದ್ದು.

ಇದಕ್ಕೆ ಡೈಗಳನ್ನು 250–300 ಡಿಗ್ರಿಗೆ ಕಾಯಿಸಿಕೊಳ್ಳಿ. ಗ್ರಾಫೈಟ್ ಲೇಪ ಮರೆಯಬೇಡಿ. ಮುಖಗಳ ಮೇಲೆ ಗಾಜಿನ ನಾರಿನ ತೆಳು ಹೊದಿಕೆ ಇಟ್ಟರೆ ತಣಿಯುವುದು ಗಣನೀಯವಾಗಿ ತಗ್ಗುತ್ತದೆ. ಹೈಡ್ರಾಲಿಕ್ ಪ್ರೆಸ್‌ನಲ್ಲಿ ಇದು ಹ್ಯಾಮರ್‌ಗಿಂತ ಮುಖ್ಯ, ಏಕೆಂದರೆ ಲೋಹ ಡೈಗೆ ತಾಗಿರುವ ಸಮಯ ಇಲ್ಲಿ ಬಹಳ ಹೆಚ್ಚು. ಮುಖದ ಮೇಲೆ ಮಷಿನಿಂಗ್ ಬಿಡುವು 5 ಮಿ.ಮೀ. ಇದ್ದರೆ ಒರಟು ಪದರದ ಸ್ವಲ್ಪ ಭಾಗ ಲೇತ್‌ನಲ್ಲೇ ಹೋಗುತ್ತದೆ. ಆದರೆ ಅದರ ಮೇಲೆ ಭರವಸೆ ಇಡುವ ಮುನ್ನ ಒಂದು ತುಂಡನ್ನು ಉದ್ದಕ್ಕೆ ಸೀಳಿ, ಪದರ ಎಷ್ಟು ಆಳವಿದೆ ಎಂದು ಅಳೆಯಿರಿ.

‘ಕೆಂಪು ಇಳಿಯುವವರೆಗೂ ಒತ್ತಿ’ ಎಂಬ ಮಾತು

ಈ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ತಾಪಮಾನ ಇಳಿದಷ್ಟೂ, ಒತ್ತುವ ವೇಗ ಏರಿದಷ್ಟೂ, ಹುಟ್ಟುವ ಗ್ರೇನ್ ಸಣ್ಣದು. ಈ ಎರಡನ್ನೂ ಸೇರಿಸಿ ಒಂದೇ ಅಂಕಿಯಾಗಿ ಹೇಳುವ ಸೂತ್ರವನ್ನು ಝೀನರ್ ಮತ್ತು ಹೊಲೊಮನ್ 1944ರಲ್ಲಿ ಕೊಟ್ಟರು. ಡೈನಾಮಿಕ್ ಆಗಿ ಹುಟ್ಟುವ ಗ್ರೇನ್‌ನ ಅಂತಿಮ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಆ ಅಂಕಿಯೇ, ಶುರುವಿನ ಗ್ರೇನ್ ಗಾತ್ರವಲ್ಲ. ಇದು ನಮಗೆ ಅನುಕೂಲ: ಕೊನೆಯ ಹೀಟ್ ಸರಿಯಾಗಿ ನಡೆದರೆ ಮೊದಲ ಹೀಟ್‌ನ ಒರಟುತನವನ್ನೂ ಅದು ಅಳಿಸಬಲ್ಲದು.

ಉಳಿದರ್ಧವನ್ನು ಅವರು ಹೇಳಿಲ್ಲ. 950ರ ಕೆಳಗೆ ಹೊಸ ಗ್ರೇನ್ ಹುಟ್ಟಲು ಬೇಕಾದ ಸ್ಟ್ರೈನ್ ವಿಪರೀತ ಏರುತ್ತದೆ. ಒತ್ತುಬಲವೂ ಏರುತ್ತದೆ: 316ರಲ್ಲಿರುವ ಮಾಲಿಬ್ಡಿನಂ ಗಡಿಗಳ ಚಲನೆಯನ್ನು ಎಳೆದು ಹಿಡಿಯುವುದರಿಂದ ಇದು 304ಕ್ಕಿಂತಲೂ ಗಟ್ಟಿ. ಕೆಂಪು ಇಳಿದ ಮೇಲೆ ಶೇ. 4–5 ತಟ್ಟಿ ಅಳತೆ ಸರಿಮಾಡಿಕೊಂಡರೆ ಆ ಸ್ಟ್ರೈನ್ ಒಳಗೇ ಉಳಿಯುತ್ತದೆ, ಅನೀಲಿಂಗ್‌ನಲ್ಲಿ ಅದೇ ಒರಟು ಗ್ರೇನ್‌ಗೆ ಬೀಜವಾಗುತ್ತದೆ. ಇದಕ್ಕೆ ಬದಲಾಗಿ 900–950ರಲ್ಲಿ ಶೇ. 25–30 ಒತ್ತಲು ನಿಮ್ಮ ಪ್ರೆಸ್‌ಗೆ ಶಕ್ತಿ ಇದ್ದರೆ, ನಂತರ 1050ರಲ್ಲಿ ಅನೀಲಿಂಗ್ ಮಾಡಿದಾಗ ಸಣ್ಣ, ಸಮನಾದ ಗ್ರೇನ್ ಬರುತ್ತದೆ. ಆದರೆ ಅಲ್ಲಿ ಬದಿ ಬಿರುಕಿನ ಅಪಾಯ ನಿಜವಾದದ್ದು. ಈಗಾಗಲೇ ಬಿರುಕು ಕಾಣುತ್ತಿರುವ ನಿಮ್ಮ ಕೆಲಸಕ್ಕೆ ನಾನು ಈ ದಾರಿ ಹೇಳುವುದಿಲ್ಲ.

ನಾನು ಸೂಚಿಸುವ ಕ್ರಮ

ಒಟ್ಟು ಇಳಿತ ಬದಲಾಗಬೇಕಿಲ್ಲ, ಹಂಚಿಕೆ ಬದಲಾಗಬೇಕು. ಈಗ 220ರಿಂದ 110, ಆಮೇಲೆ 102 ಮಾಡುತ್ತಿದ್ದೀರಿ. ಅದರ ಬದಲು ಮೊದಲ ಹೀಟ್‌ನಲ್ಲಿ 220ರಿಂದ 150ಕ್ಕೆ ನಿಲ್ಲಿಸಿ, ಎರಡನೆಯದರಲ್ಲಿ 150ರಿಂದ 102ಕ್ಕೆ ಬನ್ನಿ. ಎರಡೂ ಹೀಟ್‌ಗಳಿಗೆ ತಲಾ ಶೇ. 32, ನಿಜ ಸ್ಟ್ರೈನ್ ತಲಾ 0.38ರಷ್ಟು ಸಿಗುತ್ತದೆ. ಮೊದಲ ಹೀಟ್ 1180–1200 ಇರಲಿ. ಎರಡನೆಯದು 1120–1140 ದಾಟಬಾರದು. ಒತ್ತು ನಡುವೆ ನಿಲ್ಲದೆ ಒಂದೇ ಸಲಕ್ಕೆ ಮುಗಿಯಲಿ, ಮುಗಿದಾಗ ಮೇಲ್ಮೈ 950ಕ್ಕಿಂತ ಕೆಳಗಿರಬಾರದು. ಮುಗಿದ ಕೂಡಲೇ ತುಂಡು ನೀರಿಗೆ ಹೋಗಲಿ, ರಾಶಿಗೆ ಬೇಡ.

ಈ ನೇರ ನೀರಿನ ತಣಿತವನ್ನೇ ಸೊಲ್ಯೂಷನ್ ಅನೀಲಿಂಗ್ ಎಂದು ಲೆಕ್ಕ ಹಿಡಿಯಬಹುದೇ ಎಂದು ನೀವು ಮುಂದೆ ಕೇಳಬಹುದು. ಆರ್ಡರ್‌ನ ಸ್ಪೆಸಿಫಿಕೇಶನ್ ಅದನ್ನು ಒಪ್ಪಬೇಕು, ಮತ್ತು ತುಂಡು ನೀರಿಗಿಳಿಯುವಾಗ ಎಲ್ಲೆಡೆ 1040 ಡಿಗ್ರಿಯ ಕನಿಷ್ಠಕ್ಕಿಂತ ಮೇಲಿರಬೇಕು. 950ಕ್ಕೆ ಇಳಿದ ಮೇಲ್ಮೈ ಆ ಷರತ್ತು ಪೂರೈಸುವುದಿಲ್ಲ. ಪ್ರತ್ಯೇಕ ಅನೀಲಿಂಗ್ ಮಾಡುವುದೇ ನಿಮಗೆ ಕ್ಷೇಮ, ಆದರೆ 1100ರಲ್ಲಿ ಎರಡು ಗಂಟೆ ಬೇಡ. 1050–1060 ಸಾಕು. ತುಂಡಿನ ನಡುಭಾಗ ಆ ತಾಪಮಾನ ಮುಟ್ಟಿದ ಮೇಲೆ 30–45 ನಿಮಿಷ ಧಾರಾಳ. 316ಎಲ್‌ನಲ್ಲಿ ಕಾರ್ಬನ್ ಗರಿಷ್ಠ ಶೇ. 0.03, ಕರಗಿಸಬೇಕಾದ ಕಾರ್ಬೈಡ್ ಇರುವುದೇ ಅತ್ಯಲ್ಪ.

ಕುಲುಮೆಯಲ್ಲಿ ಎರಡು-ಮೂರು ಗಂಟೆ ಕಾಯಿಸುವ ಅಭ್ಯಾಸವನ್ನೂ ಲೆಕ್ಕ ಹಾಕಿ ನೋಡೋಣ. ಸ್ಟೇನ್‌ಲೆಸ್ ಶಾಖವನ್ನು ನಿಧಾನವಾಗಿ ಒಯ್ಯುತ್ತದೆ ಎಂಬುದು ನಿಜ. ಕೋಣೆಯ ತಾಪಮಾನದ ಹತ್ತಿರ ಅದರ ಶಾಖವಾಹಕತೆ ಸುಮಾರು 16 ವ್ಯಾಟ್, ಕಾರ್ಬನ್ ಸ್ಟೀಲಿನದು ಸುಮಾರು 50. ಆದರೆ 1000 ಡಿಗ್ರಿ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸಮಾನ, 27–28ರ ಆಸುಪಾಸು. ಆದ್ದರಿಂದ ನಿಧಾನ ಬೇಕಾಗಿರುವುದು ಶುರುವಿನಲ್ಲಿ: 850ರವರೆಗೆ ಸಮಾಧಾನವಾಗಿ ಏರಿಸಿ, ಅಲ್ಲಿ ಒಳ-ಹೊರ ಸಮನಾಗಲು ಬಿಟ್ಟು, ನಂತರ ಚುರುಕಾಗಿ ಮೇಲಕ್ಕೆ ಕೊಂಡೊಯ್ಯಿರಿ. 150 ಮಿ.ಮೀ. ವ್ಯಾಸದ ತುಂಡಿನ ಮೇಲ್ಮೈ ಗುರಿ ಮುಟ್ಟಿದ ಬಳಿಕ ನಡುಭಾಗ ಅದನ್ನು ಸೇರಲು ಕಾಲು ಗಂಟೆಗಿಂತ ಹೆಚ್ಚು ಬೇಕಿಲ್ಲ. ಕುಲುಮೆಯ ಏರುಪೇರಿಗೆಂದು ಅರ್ಧ ಗಂಟೆ ಇಟ್ಟುಕೊಳ್ಳಿ. ಅದರ ಮೇಲಿನ ಪ್ರತಿ ನಿಮಿಷವೂ ಗ್ರೇನ್ ಬೆಳೆಸಲು ಹೋಗುತ್ತದೆ. ಪ್ರೆಸ್ ಕೆಟ್ಟು ನಿಂತರೆ ಕುಲುಮೆಯನ್ನು 1000ಕ್ಕೆ ಇಳಿಸಿ ತುಂಡುಗಳನ್ನು ಅಲ್ಲಿ ಕಾಯಿಸಿ, ಪ್ರೆಸ್ ಸಿದ್ಧವಾದ ಮೇಲೆ ಮತ್ತೆ ಏರಿಸಿ.

ಪ್ರೆಸ್ ಸಾಮರ್ಥ್ಯವನ್ನು ಮೊದಲೇ ನೋಡಿಕೊಳ್ಳಬೇಕು. 102 ಮಿ.ಮೀ.ಗೆ ಬಂದಾಗ ತುಂಡಿನ ವ್ಯಾಸ ಸುಮಾರು 220 ಮಿ.ಮೀ., ವಿಸ್ತೀರ್ಣ 38,000 ಚದರ ಮಿ.ಮೀ. 1080ರ ಆಸುಪಾಸಿನಲ್ಲಿ ಲೋಹದ ಪ್ರತಿರೋಧ 120 ಮೆಗಾಪಾಸ್ಕಲ್ ಎಂದು ಹಿಡಿದು, ಘರ್ಷಣೆಗೆ ಶೇ. 20 ಸೇರಿಸಿದರೆ, ಚಪ್ಪಟೆ ಡೈನಲ್ಲಿ 550–600 ಟನ್ ಬೇಕು. ಲೋಹ 1000ಕ್ಕೆ ಇಳಿದರೆ ಅದೇ 800 ಟನ್ ಆಗುತ್ತದೆ. ಡೈನ ಮೂಲೆ ತುಂಬಿಸುವಾಗ ಇದರ ಎರಡು-ಮೂರು ಪಟ್ಟು. ನಿಮ್ಮ ಪ್ರೆಸ್ ಇದಕ್ಕೆ ಸಾಲದಿದ್ದರೆ ಕೊನೆಯ ಹೀಟನ್ನು 1160ಕ್ಕೆ ಏರಿಸಿ, ಇಳಿತವನ್ನು ಶೇ. 35–40ಕ್ಕೆ ಹೆಚ್ಚಿಸಿ. ತಾಪಮಾನದಲ್ಲಿ ಬಿಟ್ಟುಕೊಟ್ಟದ್ದನ್ನು ಒತ್ತಿನಲ್ಲಿ ಪಡೆಯಬೇಕು. ಎರಡನ್ನೂ ಒಟ್ಟಿಗೆ ಬಿಟ್ಟುಕೊಟ್ಟರೆ ಈಗಿನ ಸ್ಥಿತಿಗೇ ಮರಳುತ್ತೀರಿ.

ಅಳತೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಪೈರೋಮೀಟರ್‌ನಲ್ಲಿ ಎಮಿಸಿವಿಟಿ (ಮೇಲ್ಮೈ ಶಾಖ ಸೂಸುವ ಪ್ರಮಾಣ) 0.85 ಇಟ್ಟು, ಆಕ್ಸೈಡ್ ಸಿಪ್ಪೆ ಉದುರಿ ಹೊಳೆಯುವ ಜಾಗಕ್ಕೆ ಗುರಿ ಹಿಡಿದರೆ, ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಕುಲುಮೆ ಏರಿಸಿದವರ ಗ್ರೇನ್ ಒರಟಾಗದೆ ಇರದು. ಒಂದು ಬಿಲ್ಲೆಟ್‌ಗೆ ನಡುವಿನವರೆಗೆ ರಂಧ್ರ ಕೊರೆದು ಥರ್ಮೋಕಪಲ್ ಇಟ್ಟು ಒಮ್ಮೆ ಕಾಯಿಸಿ ನೋಡಿದರೆ ವರ್ಷಗಟ್ಟಲೆಯ ಊಹಾಪೋಹ ಮುಗಿಯುತ್ತದೆ. ಇನ್ನೊಂದು, ಗ್ರೇನ್ ಎಣಿಸುವಾಗ ಟ್ವಿನ್ ಗಡಿಗಳನ್ನು (ಒಂದೇ ಗ್ರೇನ್‌ನೊಳಗೆ ಕನ್ನಡಿ ಬಿಂಬದಂತೆ ಜೋಡಿಯಾದ ಭಾಗಗಳ ನಡುವಿನ ಗೆರೆಗಳನ್ನು) ಲೆಕ್ಕಕ್ಕೆ ಸೇರಿಸಬಾರದು. ಶೇ. 10 ಆಕ್ಸಾಲಿಕ್ ಆಮ್ಲದಲ್ಲಿ ವಿದ್ಯುತ್ ಎಚ್ಚಣೆ ಮಾಡಿದರೆ ಟ್ವಿನ್‌ಗಳೂ ಎದ್ದು ಕಾಣುತ್ತವೆ, ಅವಸರದಲ್ಲಿ ಎಣಿಸಿದವರಿಗೆ 2ರ ಗ್ರೇನ್ 4 ಆಗಿ ಕಾಣಬಹುದು. ಶೇ. 60 ನೈಟ್ರಿಕ್ ಆಮ್ಲದಲ್ಲಿ ಕಡಿಮೆ ವೋಲ್ಟೇಜ್‌ನ ವಿದ್ಯುತ್ ಎಚ್ಚಣೆ ಮಾಡಿದರೆ ಗ್ರೇನ್ ಗಡಿಗಳಷ್ಟೇ ಕಾಣುತ್ತವೆ, ಟ್ವಿನ್‌ಗಳು ಮರೆಯಾಗುತ್ತವೆ. ಆದರೂ ಆಕ್ಸಾಲಿಕ್ ಚಿತ್ರವನ್ನು ಎಸೆಯಬೇಡಿ. ಫೋರ್ಜಿಂಗ್ ಮುಗಿಸಿ ನೀರಿಗೆ ಹಾಕಿದ, ಇನ್ನೂ ಅನೀಲಿಂಗ್ ಆಗದ ತುಂಡಿನಲ್ಲಿ ಟ್ವಿನ್ ಗೆರೆಗಳು ಅಡ್ಡಪಟ್ಟಿಯಿಂದ ಎಳೆದಷ್ಟು ನೇರವಾಗಿದ್ದರೆ ಅದು ಹೊಸದಾಗಿ ಹುಟ್ಟಿದ ಗ್ರೇನ್. ಗೆರೆಗಳು ಬಾಗಿ ಅಲೆಯಲೆಯಾಗಿದ್ದರೆ ಅದು ಒತ್ತಿಸಿಕೊಂಡು ಹಾಗೇ ಉಳಿದ ಹಳೆಯ ಗ್ರೇನ್. ಬಾಗಿದ ಗೆರೆಗಳ ದೊಡ್ಡ ಗ್ರೇನ್‌ನ ಸುತ್ತ ಪುಟ್ಟ ಗ್ರೇನ್‌ಗಳ ಸರ ಕಂಡರೆ ಕ್ರಿಯೆ ಶುರುವಾಗಿ ಅರ್ಧಕ್ಕೆ ನಿಂತಿದೆ ಎಂದರ್ಥ. ಆಗ ಒತ್ತು ಇನ್ನೂ ಶೇ. 8–10 ಹೆಚ್ಚಬೇಕು.

ಬದಿಯ ಬಿರುಕು

ಉಬ್ಬಿದ ಬದಿ ಸುತ್ತಲೂ ಹಿಗ್ಗುವುದರಿಂದ ಅಲ್ಲಿ ಎಳೆತ, ಆದ್ದರಿಂದ ಬಿರುಕು ಲಂಬವಾಗಿ ಬರುತ್ತದೆ. ಕಾರಣ ಒಂದೇ ಎಂದು ತೀರ್ಮಾನಿಸುವ ಮುನ್ನ ಬಿರುಕನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಬಿರುಕಿನೊಳಗೆ ದಪ್ಪ ಸಿಪ್ಪೆ ತುಂಬಿದ್ದು, ಎಲ್ಲ ತುಂಡುಗಳಲ್ಲೂ ಒಂದೇ ಸಾಲಿನಲ್ಲಿ ಬಂದಿದ್ದರೆ ಅದು ಕಚ್ಚಾ ಬಾರ್‌ನಲ್ಲೇ ಇದ್ದ ಸೀಮ್ (ಉದ್ದನೆಯ ಸೀಳು). ಮೇಲ್ಮೈಯಲ್ಲಷ್ಟೇ ಇದ್ದು ಸುತ್ತಲಿನ ಗ್ರೇನ್ ಚಪ್ಪಟೆಯಾಗಿ ಎಳೆದುಕೊಂಡಿದ್ದರೆ ತಣ್ಣಗಾದ ಮೇಲೂ ಒತ್ತಿದ್ದೀರಿ. ಗ್ರೇನ್ ಗಡಿಗಳಲ್ಲೇ ಕವಲೊಡೆಯುತ್ತಾ ಒಳಕ್ಕೆ ಹೋಗಿದ್ದರೆ ಅತಿ ಬಿಸಿ, ಇಲ್ಲವೇ ಗಂಧಕ. ಇಂಧನದಲ್ಲಿ ಗಂಧಕವಿದ್ದು, ಕುಲುಮೆಯ ವಾತಾವರಣದಲ್ಲಿ ಆಮ್ಲಜನಕ ಸಾಲದಿದ್ದರೆ ನಿಕಲ್ ಸಲ್ಫೈಡ್ ಹುಟ್ಟಿ ಗಡಿಗಳಿಗೆ ಇಳಿಯುತ್ತದೆ. ನಿಕಲ್ ಮತ್ತು ಅದರ ಸಲ್ಫೈಡ್‌ನ ಮಿಶ್ರಣ ಸುಮಾರು 640 ಡಿಗ್ರಿಗೇ ಕರಗುವುದರಿಂದ ಒತ್ತುವ ಹೊತ್ತಿಗೆ ಗಡಿಗಳಲ್ಲಿ ದ್ರವವಿರುತ್ತದೆ. ವಾತಾವರಣ ಸ್ವಲ್ಪ ಆಕ್ಸಿಡೈಸಿಂಗ್ ಇರಲಿ, ಜ್ವಾಲೆ ತುಂಡಿಗೆ ನೇರ ತಾಗದಿರಲಿ.

ನಿಮ್ಮ 1230ರ ಮಟ್ಟಿಗೆ ಇನ್ನೊಬ್ಬ ಶಂಕಿತನಿದ್ದಾನೆ, ಡೆಲ್ಟಾ ಫೆರೈಟ್. 1200 ದಾಟಿದ ಮೇಲೆ ಆಸ್ಟೆನೈಟ್‌ನ ಒಂದು ಪಾಲು ಡೆಲ್ಟಾ ಫೆರೈಟ್ ಆಗತೊಡಗುತ್ತದೆ. ಅದು ಆಸ್ಟೆನೈಟ್‌ಗಿಂತ ಮೆತ್ತಗೆ. ಎರಡರ ಗಡಿಯಲ್ಲಿ ವಿರೂಪ ಗುಂಪುಗೂಡಿ ಬಿರುಕು ಹುಟ್ಟುತ್ತದೆ. ಎಷ್ಟು ಫೆರೈಟ್ ಬರುತ್ತದೆ ಎಂಬುದು ಹೀಟ್ ಸರ್ಟಿಫಿಕೇಟ್‌ನ ಅಂಕಿಗಳಲ್ಲೇ ಇದೆ (ಇಲ್ಲಿ ಹೀಟ್ ಎಂದರೆ ಉಕ್ಕು ಕರಗಿಸಿದ ಒಂದು ಬ್ಯಾಚ್). ಕ್ರೋಮಿಯಂ, ಮಾಲಿಬ್ಡಿನಂ, ಸಿಲಿಕಾನ್‌ನ ಒಂದೂವರೆ ಪಟ್ಟು, ಇವನ್ನು ಕೂಡಿ. ಇನ್ನೊಂದೆಡೆ ನಿಕಲ್, ಕಾರ್ಬನ್‌ನ 30 ಪಟ್ಟು, ಮ್ಯಾಂಗನೀಸ್‌ನ ಅರ್ಧ, ಇವನ್ನು ಕೂಡಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಕ್ರೋಮಿಯಂ 17.5, ಮಾಲಿಬ್ಡಿನಂ 2.1, ಸಿಲಿಕಾನ್ 0.5, ನಿಕಲ್ 10.1, ಕಾರ್ಬನ್ 0.02, ಮ್ಯಾಂಗನೀಸ್ 1.2 ಇದ್ದರೆ 20.35ಕ್ಕೆ 11.3, ಅಂದರೆ 1.8. ಕ್ರೋಮಿಯಂ 16.6, ಸಿಲಿಕಾನ್ 0.4, ನಿಕಲ್ 12, ಮ್ಯಾಂಗನೀಸ್ 1.5, ಉಳಿದವು ಹಾಗೇ ಇದ್ದರೆ 19.3ಕ್ಕೆ 13.35, ಅಂದರೆ 1.45. ಎರಡೂ 316ಎಲ್ ಎಂದೇ ಪಾಸಾಗುತ್ತವೆ. ಆದರೆ ಮೊದಲನೆಯದು ನಿಕಲ್ ಉಳಿಸಿದ ಉಕ್ಕು, 1230ರಲ್ಲಿ ಬಿರುಕು ಬಿಡುವ ಸಾಧ್ಯತೆ ಅದರಲ್ಲೇ ಹೆಚ್ಚು. ಬಿರುಕು ಬಿಟ್ಟ ತುಂಡುಗಳನ್ನೂ ಬಿಡದವನ್ನೂ ಹೀಟ್ ನಂಬರ್ ಪ್ರಕಾರ ಬೇರ್ಪಡಿಸಿ ಈ ಲೆಕ್ಕ ಮಾಡಿ. ಅನುಪಾತ ಹೆಚ್ಚಿರುವ ಬ್ಯಾಚ್‌ಗಳಲ್ಲೇ ಬಿರುಕು ಗುಂಪುಗೂಡಿದ್ದರೆ ಒತ್ತುವ ಮೊದಲ ಹೀಟನ್ನೂ 1180ಕ್ಕೆ ಇಳಿಸಿ.

ಮೊದಲ ಹೀಟ್ ಆದ ಮೇಲೆ ಸಣ್ಣ ಬಿರುಕು ಕಂಡರೆ ಅಲ್ಲೇ ಗ್ರೈಂಡ್ ಮಾಡಿ, ಸುತ್ತ ಅಗಲವಾಗಿ ನಯಮಾಡಿ ತೆಗೆಯಿರಿ. ಒತ್ತಿ ಮುಚ್ಚಿಸಲು ಹೋಗಬೇಡಿ. ಸಿಪ್ಪೆ ಒಳಗೆ ಸಿಕ್ಕಿಕೊಂಡ ಬಿರುಕು ಬೆಸೆಯುವುದಿಲ್ಲ, ಮಡಿಕೆಯಾಗಿ ಉಳಿಯುತ್ತದೆ.

ಈಗಿರುವ ಲಾಟ್

ಇನ್ನೊಂದು ಅನೀಲಿಂಗ್ ವ್ಯರ್ಥ, ಅದನ್ನು ಕೈಬಿಡಿ. ನಿಜವಾದ ದುರಸ್ತಿ ಎಂದರೆ ಮತ್ತೆ 1120ಕ್ಕೆ ಕಾಯಿಸಿ ಕನಿಷ್ಠ ಶೇ. 30 ಒತ್ತುವುದು. ಅಳತೆಗೆ ಬಂದ ಫ್ಲ್ಯಾಂಜ್‌ನಲ್ಲಿ ಅದಕ್ಕೆ ಜಾಗವಿಲ್ಲ. ಇದೇ ದರ್ಜೆಯ, ಇನ್ನಷ್ಟು ತೆಳುವಾದ ಅಗಲ ಫ್ಲ್ಯಾಂಜ್‌ನ ಆರ್ಡರ್ ಇದ್ದರೆ ಬಿರುಕಿಲ್ಲದ ತುಂಡುಗಳನ್ನು ಅದಕ್ಕೆ ಕಚ್ಚಾವಸ್ತುವಾಗಿ ಬಳಸಬಹುದು. ಹೀಟ್ ನಂಬರ್ ಗುರುತು ಕಳೆಯಬಾರದು.

ಗ್ರಾಹಕರ ಆತಂಕ ಗ್ರೇನ್‌ಗಿಂತ ಹೆಚ್ಚಾಗಿ ಅಲ್ಟ್ರಾಸಾನಿಕ್ ಗದ್ದಲದ್ದಾದರೆ ಮಾತುಕತೆಗೆ ಅವಕಾಶವಿದೆ. ಗ್ರೇನ್ ತರಂಗಾಂತರಕ್ಕಿಂತ ಬಹಳ ಸಣ್ಣದಿರುವಾಗ ಚದುರುವಿಕೆ ಗ್ರೇನ್ ವ್ಯಾಸದ ಘನಕ್ಕೂ ಆವರ್ತನದ ನಾಲ್ಕನೇ ಘಾತಕ್ಕೂ ಅನುಗುಣ. 4ರ ಬದಲು 2 ಮೆಗಾಹರ್ಟ್ಸ್ ಬಳಸಿದರೆ ಚದುರುವಿಕೆ 16ನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆಯೂ ಇದೆ: ತರಂಗಾಂತರ 1.45ರಿಂದ 2.9 ಮಿ.ಮೀ. ಆಗುತ್ತದೆ, ಸಣ್ಣ ದೋಷಗಳು ತಪ್ಪಿಸಿಕೊಳ್ಳುತ್ತವೆ. ಇದನ್ನು ಮುಚ್ಚಿಡದೆ ಗ್ರಾಹಕರಿಗೆ ಹೇಳಿ, ಅವರ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಿರಿ. ಹೊಸ ಕ್ರಮದಲ್ಲಿ ಗ್ರೇನ್ ಸಂಖ್ಯೆ 1ರಿಂದ 3ಕ್ಕೆ ಬಂದರೂ ವ್ಯಾಸ ಸುಮಾರು 0.25ರಿಂದ 0.125 ಮಿ.ಮೀ.ಗೆ ಇಳಿದು ಚದುರುವಿಕೆ ಎಂಟು ಪಟ್ಟು ತಗ್ಗುತ್ತದೆ, ಆವರ್ತನ ಬದಲಿಸುವ ಅಗತ್ಯವೇ ಬಾರದಿರಬಹುದು.

ಒರಟು ಗ್ರೇನ್ ಎಲ್ಲ ಕಡೆಯೂ ದೋಷವಲ್ಲ ಎಂಬುದನ್ನೂ ಹೇಳಬೇಕು. ಹೆಚ್ಚು ತಾಪಮಾನದಲ್ಲಿ ದೀರ್ಘಕಾಲ ದುಡಿಯುವ 304ಎಚ್‌ನಂಥ ದರ್ಜೆಗಳಿಗೆ ಗ್ರೇನ್ ಸಂಖ್ಯೆ 7 ಅಥವಾ ಅದಕ್ಕಿಂತ ಒರಟಾಗಿರಬೇಕೆಂದೇ ನಿಯಮವಿದೆ, ಏಕೆಂದರೆ ಕ್ರೀಪ್ (ಬಿಸಿಯಲ್ಲಿ ಭಾರದಡಿ ನಿಧಾನವಾಗಿ ಹಿಗ್ಗುವುದು) ನಡೆಯುವುದು ಹೆಚ್ಚಾಗಿ ಗಡಿಗಳಲ್ಲಿ. ನಿಮ್ಮ ಫ್ಲ್ಯಾಂಜ್ ಸಾಮಾನ್ಯ ತಾಪಮಾನದ ಸ್ಥಿರ ಒತ್ತಡಕ್ಕಾದರೆ, ಯೀಲ್ಡ್ 170 ಮೆಗಾಪಾಸ್ಕಲ್ ಮತ್ತು ಟೆನ್ಸೈಲ್ 485 ದಾಟಿದ್ದರೆ, ವಿನಾಯಿತಿ ಕೇಳುವುದು ತಪ್ಪಲ್ಲ. ಫೆಟೀಗ್ ಭಾರ, ಅಂದರೆ ಮತ್ತೆ ಮತ್ತೆ ಏರಿಳಿಯುವ ಭಾರ, ಇರುವ ಕಡೆಗಾದರೆ ಕೇಳಬೇಡಿ.

2205ಕ್ಕೆ ಇದೇ ಕ್ರಮ ನಡೆಯದು

2205ರಲ್ಲಿ ಫೆರೈಟ್ ಮತ್ತು ಆಸ್ಟೆನೈಟ್ ಹೆಚ್ಚುಕಡಿಮೆ ಅರ್ಧರ್ಧ ಇರುತ್ತವೆ. ಬಿಸಿಯಲ್ಲಿ ಫೆರೈಟ್ ಮೆತ್ತಗೆ, ಒತ್ತಿದ ವಿರೂಪವೆಲ್ಲ ಮೊದಲು ಅದರ ಪಾಲಿಗೆ ಬರುತ್ತದೆ; ಅದು ರಿಕವರಿಯಿಂದ ಸುಧಾರಿಸಿಕೊಳ್ಳುತ್ತದೆ. ಆಸ್ಟೆನೈಟ್ ಗಟ್ಟಿಯಾಗಿಯೇ ಉಳಿಯುತ್ತದೆ. ತಾಪಮಾನ ಇಳಿದಂತೆ ಈ ಅಂತರ ಬೆಳೆದು ಎರಡರ ಗಡಿ ಬಿರಿಯುತ್ತದೆ. ಹೀಗಾಗಿ 950 ಎನ್ನುವುದು ಇಲ್ಲಿ ಸಡಿಲಿಸಬಹುದಾದ ಸಂಖ್ಯೆಯಲ್ಲ. ಮೇಲ್ಮೈ ಅಷ್ಟಕ್ಕೆ ಬಂದರೆ ಒತ್ತು ನಿಲ್ಲಿಸಿ ಮತ್ತೆ ಕಾಯಿಸಿ. 150 ಮಿ.ಮೀ. ತುಂಡಿಗೆ ಎರಡು ಹೀಟ್ ಸಾಲದೆ ಮೂರು ಬೇಕಾಗಬಹುದು, ಅದನ್ನು ದರ ಹೇಳುವ ಮುನ್ನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕುಲುಮೆ 1150–1200ರಲ್ಲಿ ಇರಲಿ. ಅಲ್ಲಿ ಈ ಉಕ್ಕು ಬಹಳ ಮೆತ್ತಗಿರುವುದರಿಂದ ಉದ್ದನೆಯ ತುಂಡುಗಳಿಗೆ ಕೆಳಗೆ ಆಧಾರ ಕೊಡದಿದ್ದರೆ ಬಾಗುತ್ತವೆ.

ರಾಶಿ ಹಾಕಿ ತಣಿಸುವ ಪದ್ಧತಿ 2205ಕ್ಕೆ ಖಂಡಿತ ಬೇಡ. 316ಎಲ್‌ನಲ್ಲಿ ಸಿಗ್ಮಾ ಫೇಸ್ (ಉಕ್ಕನ್ನು ಪೆಡಸಾಗಿಸುವ ಹರಳು ರಚನೆ) ಹುಟ್ಟಲು ಬಹಳ ದೀರ್ಘ ಸಮಯ ಬೇಕು. 2205ರಲ್ಲಿ 700ರಿಂದ 950ರ ನಡುವೆ, ಅದರಲ್ಲೂ 850ರ ಆಸುಪಾಸಿನಲ್ಲಿ, ನಿಮಿಷಗಳ ಲೆಕ್ಕದಲ್ಲೇ ಅದು ಕಾಣಿಸಿಕೊಂಡು ಇಂಪ್ಯಾಕ್ಟ್ ಬಲವನ್ನು ಕುಸಿಯುವಂತೆ ಮಾಡುತ್ತದೆ. ಫೋರ್ಜಿಂಗ್ ಮುಗಿದೊಡನೆ ನೀರಿಗೆ ಹಾಕಿ. ಅನೀಲಿಂಗ್‌ಗೆ ಕಾಯಿಸುವಾಗಲೂ 700–950ರ ಪಟ್ಟಿಯಲ್ಲಿ ನಿಲ್ಲಿಸದೆ ದಾಟಿಸಿ, 1040–1080ರಲ್ಲಿ ಸಮಮಾಡಿ, ಕುಲುಮೆಯ ಬಾಗಿಲಿನಿಂದ ನೀರಿನ ತೊಟ್ಟಿಗೆ ಒಂದು ನಿಮಿಷದೊಳಗೆ ಇಳಿಸಿ. ಮೊದಲ ತುಂಡಿನ ದಪ್ಪ ಭಾಗದ ನಡುವಿನಿಂದಲೇ ಶೂನ್ಯಕ್ಕಿಂತ ಕೆಳಗೆ 46 ಡಿಗ್ರಿಯ ಚಾರ್ಪಿ (ಇಂಪ್ಯಾಕ್ಟ್ ಪರೀಕ್ಷೆಯ) ಮಾದರಿ ತೆಗೆಯಿರಿ. ನಿಧಾನವಾಗಿ ತಣಿಯುವುದು ಆ ಜಾಗವೇ, ಅಂಚಿನಿಂದ ತೆಗೆದ ಮಾದರಿ ಎಷ್ಟು ಚೆನ್ನಾಗಿ ಪಾಸಾದರೂ ಅಲ್ಲಿನ ಸಂಗತಿಯನ್ನು ಹೇಳುವುದಿಲ್ಲ.